ಇಳಿದ ಹೊಳೆಯಲ್ಲಿ ಗಾಳ

ಚಳಿಗಾಲದ ಕೊನೆಯಲ್ಲಿ ಕಾವೇರಿಯಲ್ಲಿ ಗಾಳ ಹಾಕುವ ವಿಷಯವಾಗಿ ಈ ಸಂಜೆ ನಾನು ಮಾತನಾಡತಕ್ಕವನೆಂದು ತಿಳಿದಾಗ, ನಮ್ಮ ಅಧ್ಯಾಪಕ ಮಿತ್ರರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಅಲ್ಲಯ್ಯಾ, ನೀನು ಮೀನು ತಿನ್ನುವವನಲ್ಲ, ಈಜುವುದರಲ್ಲಿ ನಿನ್ನ ಯೋಗ್ಯತೆ ಎಷ್ಟೆಂಬುದು ನಮಗೆಲ್ಲ ಗೊತ್ತು. ಯಾವ ಅಧಿಕಾರದ ಮೇಲೆ ಈ ಉಪನ್ಯಾಸ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಹಿಡಿದ ಮೀನುಗಳಲ್ಲಿ ಕೆಲವು ಹೊಳೆಗೇ ಹಿಂದಿರುಗುತ್ತವೆ. ಮಿಕ್ಕವು ತೆಪ್ಪದವನ ಮನೆಗೆ ಹೋಗುತ್ತವೆ. ನಮ್ಮ ಮನೆಯ ಹೊಸಲನ್ನು ದಾಟಿದ ಮೀನು ಇದುವರೆಗೆ ಒಂದೂ ಇಲ್ಲ. ಈಜಿನ ವಿಷಯವನ್ನು ಎತ್ತದಿರುವುದೇ ಮೇಲು. ಆದರೂ ಇಪ್ಪತ್ತು ವರ್ಷಗಳಿಂದ ಪ್ರತಿ ಮಾಘಮಾಸದಲ್ಲಿಯೂ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಹೊಳೆಗೆ ಹೋಗಿದ್ದೇನೆ. ಪ್ರತಿ ಸಲವೂ ಮನೆಗೆ ಹಿಂದಿರುಗಿದ್ದೇನೆ. ಈ ಎರಡನೆಯ ಸಂಗತಿಯೇ ನನ್ನ ಅಧಿಕಾರ.

ಮಾಘ ಫಾಲ್ಗುಣಗಳಲ್ಲಿ ಕಾವೇರಿಯನ್ನು ತಿರುಮಕೂಡಲು ನರಸೀಪುರದಿಂದ ಕೆಳಕ್ಕೆ, ಮುಡುಕುತೊರೆ ತಲಕಾಡುಗಳ ಕಡೆಯಲ್ಲಿ ನೋಡಿದವರಿಗೆ, ಇದಕ್ಕಿಂತ ಸೌಮ್ಯವಾದ ಹೊಳೆ ಈ ಭೂಮಂಡಲದಲ್ಲಿ ಮತ್ತೊಂದಿಲ್ಲವೆಂದು ತೋರುತ್ತದೆ. ಶ್ರಾವಣದಲ್ಲಿ ದಡದಿಂದ ದಡಕ್ಕೆ ಕೆಂಪಾಗಿ ಉರುಳುತ್ತಿದ್ದ ನೀರು ಈಗ ಸೋಸಿದಂತೆ ತಿಳಿಯಾಗಿದೆ. ಆಗ ಎಲ್ಲಿದ್ದವೆಂದೇ ತಿಳಿಯದಿದ್ದ ಬಂಡೆಗಳು ಆನೆಯ ಹಿಂಡಿನಂತೆ ಮೈ ತೋರಿಸಿ ಮಲಗಿವೆ. ಬಂಡೆಗಳ ನಡುವೆ ಮರಳಿನ ದಿಣ್ಣೆಗಳು, ಅವುಗಳ ಮೇಲೆ ಕೊಕ್ಕರೆಗಳು. ಮಾಘಸ್ನಾನಕ್ಕೆ ಬಂದ ವೃದ್ಧೆಯರು ಸೊಂಟದವರೆಗೆ ಇಳಿದು ನಿರಾತಂಕವಾಗಿ ಮುಳುಗೇಳುತ್ತಾರೆ. ಎಷ್ಟು ನೀರು ಇಳಿದಿದೆಯೆಂಬುದಕ್ಕೆ ಒಂದು ಲೆಕ್ಕವನ್ನು ಕೊಡುತ್ತೇನೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ಕೊಟ್ಟ ತೀರ್ಪಿನಂತೆ ಕರ್ನಾಟಕವು ಸಾಧಾರಣ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ಒದಗಿಸಬೇಕಾದ ನೀರು 177.25 ಟಿಎಂಸಿ ಅಡಿ. ಇದರಲ್ಲಿ ಆಗಸ್ಟ್ ತಿಂಗಳ ಪಾಲು 45.95, ಫೆಬ್ರವರಿಯ ಪಾಲು ಎರಡೂವರೆ. ಎಂದರೆ ಹದಿನೆಂಟರಲ್ಲಿ ಒಂದು ಭಾಗ. ಇಂಥ ಬಡಕಲು ಹೊಳೆಗೆ ಯಾರು ಹೆದರುತ್ತಾರೆ?

ಯಾರೂ ಹೆದರುವುದಿಲ್ಲ, ಕೇಡೆಲ್ಲ ಇರುವುದು ಇಲ್ಲಿಯೇ. ಶ್ರಾವಣದ ಕಾವೇರಿ ತನ್ನ ಸ್ವಭಾವವನ್ನು ಬಾಯಿಬಿಟ್ಟು ಹೇಳುತ್ತಾಳೆ. ಆಗ ಪಟ್ಟಣದವರು ಸೇತುವೆಯ ಮೇಲೆ ನಿಂತು ನೋಡಿ, ಒಂದು ನಮಸ್ಕಾರವನ್ನು ಹಾಕಿ, ಹಿಂದಿರುಗುತ್ತಾರೆ. ಮಾಘದ ಕಾವೇರಿ ಏನನ್ನೂ ಹೇಳುವುದಿಲ್ಲ. ‘ಬನ್ನಿ’ ಎಂದು ಕರೆಯುತ್ತಾಳೆ. ಪ್ರವಾಹಕಾಲದಲ್ಲಿ ಹೊಳೆಯ ಅಂಚಿಗೂ ಬಾರದಿದ್ದ ಮನುಷ್ಯನು ಈಗ ಬಂಡೆಯಿಂದ ಬಂಡೆಗೆ ಹಾರುತ್ತ ಅವಳ ನಡುಮನೆಯವರೆಗೂ ಹೋಗಿ ಕುಳಿತುಬಿಡುತ್ತಾನೆ. ಹೋದದ್ದು ಸುಲಭವಾಯಿತೆಂಬ ಒಂದೇ ಕಾರಣದಿಂದ, ಬರುವುದೂ ಸುಲಭವೆಂದು ನಂಬಿರುತ್ತಾನೆ.

ನಾನು ಗಾಳದ ವಿದ್ಯೆಯನ್ನು ಮೊದಲು ಕಲಿತದ್ದು, ನಮ್ಮ ತಲೆಮಾರಿನ ಅನೇಕರು ಅನೇಕ ವಿದ್ಯೆಗಳನ್ನು ಕಲಿತಂತೆ, ಇಂಗ್ಲಿಷ್ ಪುಸ್ತಕದಿಂದ. ಐಸಾಕ್ ವಾಲ್ಟನ್ನನು 1653ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಾಹಿತ್ಯದ ವಿದ್ಯಾರ್ಥಿಗಳಾದವರು ಬಲ್ಲರಷ್ಟೆ. ಅದು ಬಹು ಸೊಗಸಾದ ಪುಸ್ತಕ; ತಾಳ್ಮೆಯನ್ನು ಕಲಿಸುತ್ತದೆ, ಸ್ನೇಹವನ್ನು ಕಲಿಸುತ್ತದೆ, ಹುಲ್ಲುಗಾವಲಿನ ನೆರಳಿನಲ್ಲಿ ಕುಳಿತು ಹಾಡನ್ನು ಕೇಳುವುದನ್ನು ಕಲಿಸುತ್ತದೆ. ಆದರೆ ಭಯವನ್ನು ಅದು ಕಲಿಸುವುದಿಲ್ಲ. ವಾಲ್ಟನ್ನನ ಲೀ ನದಿಯ ದಡದಲ್ಲಿ ಅದರ ಅವಶ್ಯಕತೆಯೂ ಅಷ್ಟಾಗಿ ಇದ್ದಿರಲಾರದು. ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಾವೇರಿಗೆ ಇಳಿದ ನನಗೆ ಮಿಕ್ಕ ಪಾಠಗಳನ್ನು ಹೇಳಿಕೊಟ್ಟವನು ಅಕ್ಷರವನ್ನರಿಯದ ಒಬ್ಬ ಮುದುಕ ಅಂಬಿಗ. ಆತನ ಹೆಸರನ್ನು ರೇಡಿಯೋದಲ್ಲಿ ಹೇಳಿದರೆ ಆತ ಸಂತೋಷಪಡುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ನೀರು ಇಳಿದಾಗ ಹೊಳೆಯಲ್ಲಿ ಆಗುವುದೇನು? ಅಗಲವಾಗಿ ಹರಡಿಕೊಂಡಿದ್ದ ಪ್ರವಾಹವು ಬಂಡೆಗಳ ನಡುವಣ ನಾಲ್ಕಾರು ಇಕ್ಕಟ್ಟಾದ ಓಣಿಗಳಿಗೆ ನುಗ್ಗುತ್ತದೆ. ಮೊತ್ತದಲ್ಲಿ ನೀರು ಕಡಮೆಯಾದರೂ ಆ ಓಣಿಗಳಲ್ಲಿ ಅದರ ವೇಗ ಕಡಮೆಯಾಗಿರಬೇಕಾಗಿಲ್ಲ. ವೇಗವು ಎರಡರಷ್ಟಾದರೆ ಕಾಲಿನ ಮೇಲೆ ನೀರಿನ ಒತ್ತಡವು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ; ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ. ಇದು ಭೌತಶಾಸ್ತ್ರದವರ ಮಾತು. ಅದರ ಮೇಲೆ, ನೀರು ಮೇಲೇರಿದಷ್ಟೂ ಅದು ನಮ್ಮ ದೇಹವನ್ನು ಎತ್ತಿ ಹಿಡಿಯುವುದರಿಂದ ನೆಲದ ಮೇಲಿನ ನಮ್ಮ ಭಾರ ಇಳಿಯುತ್ತದೆ. ಭಾರ ಇಳಿದಷ್ಟೂ ಅಂಗಾಲಿನ ಹಿಡಿತ ಸಡಿಲವಾಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಭೀಮನಂತೆ ನಿಂತವನು ತೊಡೆಯುದ್ದದ ನೀರಿನಲ್ಲಿ ಒಣಕಟ್ಟಿಗೆಯಾಗುವುದು ಈ ಕಾರಣದಿಂದಲೇ. ಹರಿಯುವ ನೀರಿನಲ್ಲಿ ಮೊಣಕಾಲಿನ ಚಿಪ್ಪು ಮುಳುಗಿತೆಂದರೆ ಹಿಂದಿರುಗತಕ್ಕದ್ದೆಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡಿದ್ದೇನೆ.

ಇನ್ನು ನೆಲ. ಚಳಿಗಾಲವೆಲ್ಲ ತಿಳಿನೀರಿನ ಮೂಲಕ ಬಿಸಿಲು ಕಲ್ಲಿಗೆ ತಗಲಿ, ನೀರಿನ ಅಂಚಿನ ಬಂಡೆಗಳ ಮೇಲೆಲ್ಲ ಪಾಚಿ ಬೆಳೆದಿರುತ್ತದೆ. ಅದು ಒಣಗಿದಾಗ ಬೂದುಬಣ್ಣದ ಸಾಧಾರಣ ಕಲ್ಲಿನಂತೆಯೇ ಕಾಣುವುದರಿಂದ, ಒದ್ದೆಯ ಭಾಗ ಎಲ್ಲಿಂದ ಆರಂಭವಾಯಿತೆಂಬುದು ಬಿದ್ದ ಮೇಲೆಯೇ ತಿಳಿಯುವುದು. ಚರ್ಮದ ಅಟ್ಟೆಯ ಬೂಟುಗಳನ್ನು ಮನೆಯಲ್ಲಿಯೇ ಬಿಡಬೇಕು. ಅಂಬಿಗನು ಬರಿಗಾಲಿನಲ್ಲಿ ನಡೆಯುತ್ತಾನೆಂದು ನಾವೂ ಹಾಗೆ ನಡೆಯಹೊರಟರೆ, ಅವನ ಅಂಗಾಲು ಅರುವತ್ತು ವರ್ಷಗಳಲ್ಲಿ ಸಿದ್ಧವಾದದ್ದೆಂಬುದನ್ನು ಮರೆತಂತಾಗುತ್ತದೆ. ಕ್ಯಾನ್ವಾಸಿನ ಬೂಟಿನ ಮೇಲೆ ಹಳೆಯ ಗೋಣಿಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿಕೊಳ್ಳುವುದು ನನ್ನ ಉಪಾಯ. ನೋಡುವವರಿಗೆ ನಗು ಬರುತ್ತದೆ, ನಿಜ.

ಬಂಡೆಗಳಲ್ಲಿ ಕುಳಿಗಳಿರುತ್ತವೆ. ಪ್ರವಾಹಕಾಲದಲ್ಲಿ ಸುಳಿಗೆ ಸಿಕ್ಕಿದ ಉರುಟುಕಲ್ಲುಗಳು ಒಂದೇ ಕಡೆ ಗಿರಗಿರನೆ ತಿರುಗಿ, ಸಾವಿರಾರು ವರ್ಷಗಳಲ್ಲಿ ಬಂಡೆಯನ್ನು ಒರಳಿನಂತೆ ಕೊರೆದುಬಿಟ್ಟಿರುತ್ತವೆ. ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದಿಂದ ಕೆಳಗೆ, ಮೇಕೆದಾಟುವಿನ ಬಳಿ, ಇಂಥ ಒರಳುಗಳನ್ನು ಲೆಕ್ಕವಿಲ್ಲದಷ್ಟು ನೋಡಬಹುದು. ಸಂಗಮದಲ್ಲಿ ವಿಶಾಲವಾಗಿ ಹರಡಿರುವ ಹೊಳೆ ಅಲ್ಲಿ ಆಡು ಹಾರುವಷ್ಟು ಅಗಲಕ್ಕೆ ಸೇರಿಕೊಳ್ಳುತ್ತದೆಯೆಂಬುದು ಹೆಸರಿನ ಅರ್ಥ. ದಡದಲ್ಲಿ ನಿಂತವನಿಗೆ ಕಾಣುವುದು ಕಿರಿದಾದ ಹಸುರು ನೀರು. ಅಗಲದಲ್ಲಿ ಕಳೆದುಕೊಂಡದ್ದನ್ನು ಹೊಳೆ ಆಳದಲ್ಲಿ ಸಂಪಾದಿಸಿಕೊಂಡಿದೆಯೆಂಬುದು ಅವನಿಗೆ ಕಾಣುವುದಿಲ್ಲ. ನೂರು ಮೈಲಿ ದೂರದಿಂದ ಬಂದ ಎಷ್ಟೋ ತರುಣರು ಅಲ್ಲಿ ಜಾರಿ ಬಿದ್ದು ಹಿಂದಿರುಗಲಿಲ್ಲ.

ಆದರೆ ನನ್ನ ಮಟ್ಟಿಗೆ ಹೇಳುವುದಾದರೆ, ಬಂಡೆಯ ಕುಳಿಗಳಿಗಿಂತಲೂ ಹೆಚ್ಚಾಗಿ ನಾನು ಹೆದರುವುದು ನಮ್ಮ ಪೂರ್ವಿಕರು ಕಟ್ಟಿದ ಹಳೆಯ ಅಣೆಗಳಿಗೆ. ಶ್ರೀರಂಗಪಟ್ಟಣದ ಸುತ್ತಮುತ್ತಲೂ, ತಲಕಾಡಿನ ಬಳಿಯಲ್ಲಿಯೂ, ನಾಲೆಗಳಿಗೆ ನೀರನ್ನು ತಿರುಗಿಸಲು ಕಲ್ಲಿನಲ್ಲಿ ಕಟ್ಟಿದ ತಗ್ಗಾದ ಅಣೆಗಳಿವೆ. ಮಾಘದಲ್ಲಿ ಅವುಗಳ ಮೇಲೆ ತೆಳ್ಳಗಿನ ಪರದೆಯಂತೆ ನೀರು ಇಳಿಯುತ್ತಿರುತ್ತದೆ. ಕೆಳಗೆ ಬಿಳಿಯ ನೊರೆ. ವನಭೋಜನಕ್ಕೆ ಇದಕ್ಕಿಂತ ರಮ್ಯವಾದ ಸ್ಥಳವಿಲ್ಲ. ಅಲ್ಲಿ ಒಂದು ತೆಂಗಿನ ಚಿಪ್ಪನ್ನು ಎಸೆದು ನೋಡಿ. ಅದು ಕೆಳಕ್ಕೆ ತೇಲಿಹೋಗುವ ಬದಲು ಅಣೆಯ ಕಡೆಗೇ ಹಿಂದಿರುಗಿ, ಬೀಳುವ ನೀರಿನ ಕೆಳಗೆ ಮುಳುಗಿ, ಸ್ವಲ್ಪ ದೂರದಲ್ಲಿ ಎದ್ದು, ಮತ್ತೆ ಹಿಂದಿರುಗುತ್ತದೆ. ಬಿದ್ದ ನೀರು ತಳವನ್ನು ಹಿಡಿದು ಮುಂದೆ ಓಡುತ್ತಿದ್ದರೆ, ಮೇಲಿನ ನೀರು ಹಿಮ್ಮೆಟ್ಟಿ ಅಣೆಗೇ ಬರುತ್ತಿರುತ್ತದೆ. ಸಿಕ್ಕಿದವನನ್ನು ಗಿರಣಿಯ ಚಕ್ರದಂತೆ ತಿರುಗಿಸುತ್ತದೆ. ನೊರೆಯಲ್ಲಿ ಗಾಳಿಯೇ ಬಹುಪಾಲಾದದ್ದರಿಂದ ಅದು ದೇಹವನ್ನು ತೇಲಿಸುವುದೂ ಇಲ್ಲ. ಅಲ್ಲಿ ಈಜುಗಾರನೂ ಒಂದೇ, ನಾನೂ ಒಂದೇ.

ಒಂದು ವರ್ಷ ಫೆಬ್ರವರಿಯಲ್ಲಿ, ಪರೀಕ್ಷೆಗೆ ಇನ್ನು ಆರು ವಾರಗಳಿರುವಾಗ, ನನ್ನ ತರಗತಿಯ ಮೂವರು ಹುಡುಗರು ಭಾನುವಾರ ಇಂಥದೊಂದು ಅಣೆಗೆ ಹೋದರು. ಒಬ್ಬನು ಗಾಳವನ್ನು ಎಸೆಯಲು ಅಣೆಯ ಮೇಲೆ ನಡೆದು ಜಾರಿದನು. ಅವನನ್ನು ಎಳೆಯುವುದಕ್ಕೆ ಎರಡನೆಯವನು ಹಾರಿದನು. ಅವನು ಮೂವರಲ್ಲಿಯೂ ಒಳ್ಳೆಯ ಈಜುಗಾರ. ಮೂರನೆಯವನು ದಡದಲ್ಲಿ ನಿಂತು ಕೂಗಿದನು. ಮೊದಲು ಜಾರಿದವನು ಹೇಗೋ ಪಕ್ಕದ ಕಲ್ಲಿಗೆ ಸಿಕ್ಕಿಕೊಂಡು ಬದುಕಿದನು, ಹಾರಿದವನು ಬದುಕಲಿಲ್ಲ. ಹಾಜರಿ ಪಟ್ಟಿಯಲ್ಲಿ ಅವನ ಹೆಸರು ಮಾರ್ಚ್ ಕೊನೆಯವರೆಗೂ ಇತ್ತು. ಹೆಸರು ಕೂಗುವಾಗ ಆ ಸಂಖ್ಯೆಯನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದೆ; ಹುಡುಗರೂ ಆ ಒಂದು ಕ್ಷಣ ಸದ್ದು ಮಾಡುತ್ತಿರಲಿಲ್ಲ.

ಆದ್ದರಿಂದ ಈ ಒಂದು ಮಾತನ್ನು, ನೀವು ಗಾಳ ಹಾಕುವವರಾಗಲಿ ಅಲ್ಲದಿರಲಿ, ದಯವಿಟ್ಟು ಕಿವಿಯಲ್ಲಿ ಹಾಕಿಕೊಳ್ಳಬೇಕು: ಮುಳುಗುವವನ ಕಡೆಗೆ ಹಾರಬೇಡಿ. ಹಗ್ಗವನ್ನೆಸೆಯಿರಿ, ಹಗ್ಗವಿಲ್ಲದಿದ್ದರೆ ಪಂಚೆ, ಸೀರೆ, ಬಿದಿರಿನ ಗಳು, ಏನು ಸಿಕ್ಕಿದರೆ ಅದು. ಮುಚ್ಚಿದ ಖಾಲಿ ಡಬ್ಬವೂ ತೇಲುತ್ತದೆ. ಹಗ್ಗದ ಮತ್ತೊಂದು ತುದಿಯನ್ನು ಹಿಡಿದವರು ಮಲಗಿರಲಿ ಅಥವಾ ಮರಕ್ಕೆ ಒರಗಿರಲಿ, ನಿಂತಿರುವುದು ಬೇಡ. ಇನ್ನು ತಾವೇ ಹರಿಯುವ ನೀರಿನಲ್ಲಿ ಸಿಕ್ಕಿಕೊಂಡರೆ, ಎದ್ದು ನಿಲ್ಲುವ ಪ್ರಯತ್ನವನ್ನು ಮಾಡತಕ್ಕದ್ದಲ್ಲ. ಬಂಡೆಯ ಸಂದಿಯಲ್ಲಿ ಪಾದ ಸಿಕ್ಕಿತೆಂದರೆ ನೀರು ನಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಸೊಂಟದುದ್ದದ ನೀರು ಅದಕ್ಕೆ ಸಾಕು. ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬಂಡೆ ಎದುರಾದರೆ ತಲೆಗೆ ಬದಲು ಕಾಲು ತಗಲುವಂತೆ ತೇಲುತ್ತ, ಪ್ರವಾಹಕ್ಕೆ ಎದುರಾಗಿ ಹೋರಾಡದೆ ಓರೆಯಾಗಿ ದಡವನ್ನು ಸೇರಬೇಕು. ಲೈಫ್ ಜಾಕೆಟ್ಟೊಂದನ್ನು ತೊಟ್ಟಿದ್ದರೆ ಇದೆಲ್ಲ ಸಾಧ್ಯ. ಇಲ್ಲದಿದ್ದರೆ ಬರೀ ಉಪನ್ಯಾಸ. ಅದನ್ನು ತೊಟ್ಟರೆ ಸೆಕೆಯಾಗುತ್ತದೆಂದು ಹೇಳುವವರಿದ್ದಾರೆ. ಆಗುತ್ತದೆ.

ಹೊಳೆಗೆ ಹೋಗುವ ಕ್ರಮವನ್ನು ಹೇಳಬೇಕು. ಮೊದಲು ಅನುಮತಿ. ಶಿವನಸಮುದ್ರದಿಂದ ಕೆಳಗಿನ ಕಾಡಿನ ಭಾಗ ಒಂದು ಕಾಲದಲ್ಲಿ ದೇಶವಿದೇಶಗಳ ಗಾಳಗಾರರಿಗೆ ಯಾತ್ರಾಸ್ಥಳವಾಗಿತ್ತು. 1987ರಲ್ಲಿ ಕಾವೇರಿ ವನ್ಯಜೀವಿಧಾಮವು ಏರ್ಪಟ್ಟ ಬಳಿಕವೂ, ಹಿಡಿದ ಮೀನನ್ನು ಬಿಟ್ಟುಬಿಡುವ ನಿಯಮದ ಮೇಲೆ ಅಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದವು. ಈ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಅವು ನಿಂತವು; ಅಭಯಾರಣ್ಯದೊಳಗೆ ಗಾಳ ಹಾಕುವುದು ಈಗ ಅಪರಾಧ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿಗೂ ಇದೇ ಮಾತು. ಶಿಬಿರಗಳಿದ್ದಾಗ ಕಾವಲಿತ್ತು, ಡೈನಮೈಟು ಸಿಡಿಸುವವರ ಕಾಟ ಕಡಮೆಯಿತ್ತೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸತ್ಯಾಂಶವಿದೆಯೆಂದು ನಾನೂ ನಂಬುತ್ತೇನೆ. ಆದರೆ ವಾದವು ಪರವಾನಗಿಯಲ್ಲ. ಮಿಕ್ಕ ಭಾಗಗಳಲ್ಲಿ ಮೀನುಗಾರಿಕೆ ಇಲಾಖೆಯವರನ್ನು ಕೇಳಿ, ಅನಂತರ ಊರಿನ ಬೆಸ್ತರನ್ನು ಕೇಳಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಯಾವ ಮಡುವಿನಲ್ಲಿ ಮರಳನ್ನು ತೆಗೆದು ಹಳ್ಳವಾಗಿದೆ, ಎಲ್ಲಿ ಹಳೆಯ ನೈಲಾನ್ ಬಲೆ ಕಲ್ಲಿಗೆ ಸಿಕ್ಕಿ ಬಿದ್ದಿದೆ, ಯಾವ ದಿಣ್ಣೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತದೆ, ಇವು ಯಾವ ಭೂಪಟದಲ್ಲಿಯೂ ಇಲ್ಲ. ಮೊಸಳೆಯ ವಿಷಯ ಹಾಸ್ಯವಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣುಮೊಸಳೆ ಮರಳಿನಲ್ಲಿ ಕುಳಿ ತೋಡಿ ಮೊಟ್ಟೆಯಿಡುವ ಕಾಲ; ತಾಯಿ ಹತ್ತಿರದಲ್ಲಿಯೇ ಇರುತ್ತಾಳೆ. ಮರಳಿನ ಮೇಲೆ ಹೊಟ್ಟೆ ಎಳೆದ ಗುರುತು ಕಂಡರೆ ಬೇರೆ ಜಾಗವನ್ನು ನೋಡಿಕೊಳ್ಳುವುದು ಉತ್ತಮ.

ಬೆಳಗಿನ ಜಾವದಲ್ಲಿಯೇ ಹೊಳೆಯಲ್ಲಿರಬೇಕೆಂಬ ಹಟ ಅನೇಕರಿಗೆ ಉಂಟು. ಚಳಿಗಾಲದ ಕೊನೆಗೆ ಈ ಹಟ ವ್ಯರ್ಥವೆಂದು ನನ್ನ ಅನುಭವ. ಮಂಜು ಮುಸುಕಿದ ನೀರು ತಣ್ಣಗಿರುವಾಗ ಮೀನು ಮಡುವಿನ ತಳದಲ್ಲಿ ಜಡವಾಗಿ ಬಿದ್ದಿರುತ್ತದೆ; ಬಿಸಿಲೇರಿ ಕಲ್ಲು ಬೆಚ್ಚಗಾದ ಮೇಲೆ, ಹತ್ತು ಗಂಟೆಯ ಅನಂತರ, ನೀರು ಓಡುವ ಕಡೆಗೆ ಬಂದು ಮೇಯತೊಡಗುತ್ತದೆ. ಆದ್ದರಿಂದ ಮಂಜಿನಲ್ಲಿ ದಾರಿ ಕಾಣದೆ ತಡಕಾಡುವುದೂ ಬೇಡ, ಕತ್ತಲೆಯಲ್ಲಿ ಹಿಂದಿರುಗುವುದೂ ಬೇಡ. ಹತ್ತಕ್ಕೆ ಹೋಗಿ ನಾಲ್ಕಕ್ಕೆ ಹೊರಡುವುದು ಮೀನಿಗೂ ಒಪ್ಪುತ್ತದೆ, ಮನೆಯವರಿಗೂ ಒಪ್ಪುತ್ತದೆ. ಎರೆಗೆ ರಾಗಿಯನ್ನು ಮೀರಿಸಿದ್ದಿಲ್ಲ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಚೆನ್ನಾಗಿ ನಾದಿ, ನಿಂಬೆಯ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಒತ್ತಬೇಕು. ಬಗೆಬಗೆಯ ಕೃತಕ ಎರೆಗಳನ್ನು ಹೊತ್ತು ಸಮುದ್ರವನ್ನು ದಾಟಿ ಬಂದ ದೊರೆಗಳೂ ಕೊನೆಗೆ ನಮ್ಮ ರಾಗಿಯ ಉಂಡೆಗೇ ಶರಣಾದರು. ತೆಪ್ಪವನ್ನು ಹತ್ತುವಾಗ ಅಂಚನ್ನು ತುಳಿಯದೆ ನಡುವೆ ಕಾಲಿಟ್ಟು ಕುಳಿತುಬಿಡಬೇಕು. ದೊಡ್ಡ ಮೀನು ಸಿಕ್ಕಿತೆಂದು ಎದ್ದು ನಿಂತವನು ತಾನೇ ಮೀನಾಗುತ್ತಾನೆ.

ನೀರು ಏರುವ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಆಕಾಶದಲ್ಲಿ ಒಂದು ಮೋಡವಿಲ್ಲದಿರುವಾಗ ಹೊಳೆ ಹೇಗೆ ಏರೀತು ಎಂದು ಪಟ್ಟಣದವರು ಕೇಳುತ್ತಾರೆ. ಈಗಿನ ಕಾವೇರಿ ಮಳೆಯಿಂದ ಮಾತ್ರ ಏರುವ ಹೊಳೆಯಲ್ಲ. ಗೇಟುಗಳಿಂದ ಏರುವ ಹೊಳೆ. ಮೇಲೆ ಕನ್ನಂಬಾಡಿಯಿದೆ, ಕಬಿನಿಯ ಅಣೆಕಟ್ಟಿದೆ. ಕೆಳಗಿನವರಿಗೆ ನೀರು ಬೇಕಾಗಿ ಅಲ್ಲಿ ಗೇಟನ್ನು ಎತ್ತಿದರೆ, ಆ ನೀರು ಹತ್ತಾರು ಮೈಲಿ ನಡೆದು ನಮ್ಮ ಬಂಡೆಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಬಿಟ್ಟದ್ದು ಹಗಲಿನಲ್ಲಿ, ಎಲ್ಲರೂ ಊಟದ ಬುತ್ತಿಯನ್ನು ಬಿಚ್ಚಿದ ಹೊತ್ತಿಗೆ ಬಂದು ಸೇರಬಹುದು. ಶಿವನಸಮುದ್ರದಲ್ಲಿ 1902ರಿಂದಲೂ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದಾರೆ. ವಿದ್ಯುದಾಗಾರಗಳ ಕೆಳಗಿನ ನೀರು ಯಂತ್ರಗಳನ್ನು ನಡೆಸಿದಂತೆ ಏರುತ್ತದೆ, ನಿಲ್ಲಿಸಿದಂತೆ ಇಳಿಯುತ್ತದೆ.

2014ರ ಫೆಬ್ರವರಿಯಲ್ಲಿ, ತಲಕಾಡಿನಿಂದ ಕೆಳಗೆ ಒಂದು ಹಳ್ಳಿಯ ಬಳಿ, ಹೊಳೆಯ ನಡುವಣ ಬಂಡೆಯೊಂದರ ಮೇಲೆ ನಾನು ಕುಳಿತಿದ್ದೆ. ಜೊತೆಯಲ್ಲಿ ಹದಿನೈದು ವರ್ಷದ ನನ್ನ ಅಕ್ಕನ ಮಗ. ದಡಕ್ಕೂ ಬಂಡೆಗೂ ನಡುವೆ ಮೀನಖಂಡದವರೆಗೆ ನೀರಿದ್ದ ಒಂದು ಓಣಿ. ಹುಡುಗನು ಅದನ್ನು ನಗುತ್ತಲೇ ದಾಟಿದ್ದನು. ಅಂಬಿಗನು ಬಂದೊಡನೆ ಮಾಡಿದ ಮೊದಲ ಕೆಲಸವೆಂದರೆ, ನೀರಿನ ಅಂಚಿಗೆ ಸರಿಯಾಗಿ ಒಂದು ಹಂಚಿಕಡ್ಡಿಯನ್ನು ಮರಳಿನಲ್ಲಿ ನೆಟ್ಟು, ಅದರ ಎದುರಿಗೆ ಬೀಡಿ ಹಚ್ಚಿ ಕುಳಿತದ್ದು. ಹನ್ನೊಂದೂವರೆಯ ಸುಮಾರಿಗೆ ನನ್ನ ದಾರಕ್ಕೆ ಏನೋ ಸಿಕ್ಕಿತು. ಸಿಕ್ಕಿದ್ದು ಸಾಧಾರಣವಾದದ್ದಲ್ಲ, ರಾಟೆಯು ಕಿರುಚುತ್ತ ದಾರವನ್ನು ಬಿಡತೊಡಗಿತು. ಹುಡುಗನು “ಮಾವಾ, ಬಿಡಬೇಡಿ!” ಎಂದು ಕುಣಿಯುತ್ತಿದ್ದನು. ಅದೇ ಹೊತ್ತಿಗೆ ಮುದುಕನು ಎದ್ದು ನಿಂತನು.

“ಮೇಷ್ಟ್ರೆ, ನೀರು ಬತ್ತಾ ಅದೆ. ಏಳಿ.”

ನಾನು ನೋಡಿದೆ. ನೀರು ಮೊದಲಿನಂತೆಯೇ ತಿಳಿಯಾಗಿತ್ತು. ಕಡ್ಡಿ ಮಾತ್ರ ಅಂಚಿನಿಂದ ಒಂದು ಗೇಣು ಒಳಗೆ, ನೀರಿನ ನಡುವೆ ನಿಂತಿತ್ತು. ಒಣಗಿದ ಎಲೆಗಳು, ಹುಲ್ಲುಕಡ್ಡಿಗಳು, ನೊರೆಯ ಸಣ್ಣ ಮುದ್ದೆಗಳು ತೇಲಿ ಬರುತ್ತಿದ್ದವು. ದಡದಲ್ಲಿ ಒಣಗಿ ಬಿದ್ದಿದ್ದ ಕಸವನ್ನು ಏರುವ ನೀರು ಎತ್ತಿಕೊಂಡು ಬರುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಹೊಳೆಯ ಸದ್ದು ಸಹ ಬದಲಾಗಿತ್ತು. ಚಿಕ್ಕ ಕಲ್ಲುಗಳ ಮೇಲಿನ ಕಲಕಲ ಅಡಗಿ ಒಂದು ಬಗೆಯ ಮೊರೆತ ಕೇಳುತ್ತಿತ್ತು. ಇದೆಲ್ಲವನ್ನೂ ಈಗ ವಿಸ್ತಾರವಾಗಿ ಹೇಳುತ್ತಿದ್ದೇನೆ. ಆಗ ನಾನು ಹೇಳಿದ್ದು, “ಒಂದೈದು ನಿಮಿಷ ತಡೀರಿ, ಯಜಮಾನರೇ” ಎಂದು.

ಆತ ನನ್ನೊಡನೆ ಚರ್ಚಿಸಲಿಲ್ಲ. ಹುಡುಗನ ಮಣಿಕಟ್ಟನ್ನು ಹಿಡಿದು ದಡಕ್ಕೆ ದಾಟಿಸಿದನು. ಹಿಂದಿರುಗಿ ಬಂದು, ನನ್ನನ್ನು ಒಂದು ಮಾತೂ ಕೇಳದೆ, ಸೊಂಟದ ಚೂರಿಯಿಂದ ದಾರವನ್ನು ಕಡಿದುಬಿಟ್ಟನು. ಅಂಥ ಮೀನನ್ನು ನಾನು ಅದಕ್ಕೆ ಮೊದಲೂ ಹಿಡಿದಿರಲಿಲ್ಲ, ಅನಂತರವೂ ಹಿಡಿದಿಲ್ಲ. ನಾವಿಬ್ಬರೂ ಒಂದೇ ಬಿದಿರಿನ ಗಳುವನ್ನು ಹಿಡಿದು, ಹರಿವಿಗೆ ಮುಖಮಾಡಿ, ಒಂದು ಕಾಲು ಊರಿದ ಮೇಲೆ ಮತ್ತೊಂದನ್ನು ಎತ್ತುತ್ತ ದಾಟುವಾಗ ನೀರು ಮೊಣಕಾಲನ್ನು ಮೀರಿತ್ತು. ದಡದಲ್ಲಿ ಕುಳಿತು ನಾನು ಆತನೊಡನೆ ಮಾತನಾಡಲಿಲ್ಲ.

ಅರ್ಧ ಗಂಟೆಯಾದ ಮೇಲೆ ಬಂಡೆಯನ್ನು ನೋಡಿದೆ. ನಾಟಕದಲ್ಲಾಗುವಂತೆ ಅದು ಮುಳುಗಿಹೋಗಿರಲಿಲ್ಲ. ಅದರ ತಗ್ಗಾದ ಅಂಚಿನ ಮೇಲೆ ಅಂಗೈಯಷ್ಟು ನೀರು ಹರಿಯುತ್ತಿತ್ತು, ಅಷ್ಟೆ. ಅಲ್ಲಿಯೇ ಉಳಿದಿದ್ದವನು ಆ ದಿನ ಸಾಯುತ್ತಿರಲಿಲ್ಲ. ಸಂಜೆಯವರೆಗೆ ಒದ್ದೆಯಾಗಿ ಕುಳಿತಿದ್ದು, ನೀರು ಇಳಿದ ಮೇಲೆ ಬರಬಹುದಾಗಿತ್ತು. ಆದರೆ ದಡಕ್ಕೂ ಬಂಡೆಗೂ ನಡುವಣ ಓಣಿ ಈಗ ಸೊಂಟದುದ್ದವಾಗಿ, ಗಾಜಿನಂತೆ ನುಣ್ಣಗೆ, ಬಾಣದಂತೆ ಓಡುತ್ತಿತ್ತು. ನಾನು ನನ್ನನ್ನು ಬಲ್ಲೆ. ಸಂಜೆಯವರೆಗೆ ಕುಳಿತಿರುವ ಮನುಷ್ಯ ನಾನಲ್ಲ. ಹತ್ತು ನಿಮಿಷ ಚಡಪಡಿಸಿ, ‘ಬೆಳಗ್ಗೆ ಸುಲಭವಾಗಿ ಬಂದೆವಲ್ಲ’ ಎಂದುಕೊಂಡು, ಅಕ್ಕನ ಮಗನ ಕೈಹಿಡಿದು ಅದರೊಳಗೆ ಕಾಲಿಡುತ್ತಿದ್ದೆ. ಅಲ್ಲಿಂದ ಇನ್ನೂರು ಮಾರು ಕೆಳಗೆ ಹೊಳೆ ಎರಡು ಬಂಡೆಗಳ ನಡುವೆ ಇಳಿಯುತ್ತದೆ.

ಅಂದಿನಿಂದ ನಾನೂ ಹಂಚಿಕಡ್ಡಿಯನ್ನು ನೆಡುತ್ತೇನೆ. ಗಾಳವನ್ನು ಎಸೆಯುವುದಕ್ಕೆ ಮೊದಲು ಹಿಂದಿರುಗಿ ನಿಂತು, ಈ ದಾರಿಯಲ್ಲಿ ಒಂದು ಮೊಳ ನೀರು ಹೆಚ್ಚಾಗಿದ್ದರೂ ಹೋಗಬಲ್ಲೆನೇ ಎಂದು ಕೇಳಿಕೊಳ್ಳುತ್ತೇನೆ. ಆಗದೆಂದು ಕಂಡರೆ ಆ ಬಂಡೆ ಎಷ್ಟೇ ಪ್ರಶಸ್ತವಾಗಿರಲಿ, ದಡದಿಂದಲೇ ಎಸೆಯುತ್ತೇನೆ. ಇದರಿಂದ ನನಗೆ ಸಿಗುವ ಮೀನುಗಳ ಸಂಖ್ಯೆ ಅರ್ಧಕ್ಕೆ ಇಳಿದಿದೆ.

ತಪ್ಪಿಹೋದ ಮೀನಿನ ವಿಷಯ ಕೇಳಲು ಕೆಲವರಿಗೆ ಕುತೂಹಲವಿರಬಹುದು. ಅದು ಬಿಳಿಮೀನೆಂದು, ಎಂದರೆ ಮಹಶೀರ್ ಎಂದು, ನನ್ನ ನಂಬಿಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದರು; ಅದು ಇಂದಿಗೂ ಪ್ರಸಿದ್ಧವಾದ ದಾಖಲೆ. ಕಾವೇರಿಯ ಈ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೀನಿಗೆ ವಿಜ್ಞಾನಿಗಳು ಖಚಿತವಾದ ಶಾಸ್ತ್ರೀಯ ನಾಮವನ್ನು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಕ್ಕಿದ ವರ್ಷವೇ ಈ ಗತಿ. ಅದು ಗಾಳಕ್ಕೆ ಬಿದ್ದರೆ ನೀರಿನಿಂದ ಮೇಲಕ್ಕೆತ್ತದೆ, ಒದ್ದೆಗೈಯಿಂದ ಗಾಳವನ್ನು ಬಿಡಿಸಿ, ಹರಿವಿಗೆ ಮುಖಮಾಡಿ ಹಿಡಿದು, ತಾನಾಗಿ ಈಜಿಹೋಗುವವರೆಗೆ ಕಾಯಬೇಕು.

ಅಂಬಿಗನು ಮಾತ್ರ ಅದು ಬಿಳಿಮೀನಲ್ಲವೆಂದೂ, ಮಡುವಿನ ತಳ ಹಿಡಿದು ಎಳೆದ ರೀತಿಯನ್ನು ನೋಡಿದರೆ ದೊಡ್ಡ ಬಾಳೆಮೀನೆಂದೂ ಹೇಳುತ್ತಾನೆ. ನನ್ನ ಅಕ್ಕನ ಮಗನು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಬಂದಾಗಲೆಲ್ಲ ನಾವಿಬ್ಬರೂ ಹೊಳೆಗೆ ಹೋಗುತ್ತೇವೆ, ಮುದುಕನೊಡನೆ ಆ ವಾದವನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತೇವೆ. ಕಳೆದ ಮಾಘದಲ್ಲಿಯೂ ಅದು ತೀರ್ಮಾನವಾಗಲಿಲ್ಲ.